ತಾಮ್ರದ ತಗಡಿನಲ್ಲಿ ಕಡಲು

ಗುತ್ತಿಗಾರು ಘಟ್ಟದ ತಪ್ಪಲಿನ ಊರು. ಅಲ್ಲಿನ ಮಕ್ಕಳಿಗೆ ಹೊಳೆಯ ಮೀನು ಚಿರಪರಿಚಿತ; ಕಡಲಿನ ಅಂಬಲಿಮೀನನ್ನು ಮಾತ್ರ ಅವರು ಮೊದಲು ಕಾಣುವುದು ಬಹುಶಃ ಪುಸ್ತಕದ ಚಿತ್ರದಲ್ಲಿಯೇ. ಕಾಣದ ಜೀವಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಕೆಲಸವನ್ನು ಇಂದು ಛಾಯಾಚಿತ್ರವು ಮಾಡುತ್ತದೆ. ಛಾಯಾಚಿತ್ರವಿಲ್ಲದ ಕಾಲದಲ್ಲಿ ಅದನ್ನು ಮನುಷ್ಯನ ಕೈಯೇ ಮಾಡಬೇಕಾಗಿದ್ದಿತು. ಆ ಕೆಲಸದಲ್ಲಿ ಹೆಸರಾದವರಲ್ಲಿ ವಿಲಿಯಂ ಡೇನಿಯಲ್ ಒಬ್ಬನು.

ವಿಲಿಯಂ 1769ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವನಿಗೆ ಚಿತ್ರಕಾರನಾದ ಚಿಕ್ಕಪ್ಪ ಥಾಮಸ್ ಡೇನಿಯಲ್ ಆಸರೆಯಾದನು. 1785ರಲ್ಲಿ ಥಾಮಸನು ಭಾರತಕ್ಕೆ ಹೊರಟಾಗ, ಹದಿಹರೆಯದ ವಿಲಿಯಂ ಸಹಾಯಕನಾಗಿ ಹಡಗು ಹತ್ತಿದನು. ಅವರು ಚೀನಾದ ಮಾರ್ಗವಾಗಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿ ನಗರದ ಹನ್ನೆರಡು ದೃಶ್ಯಗಳನ್ನು ಅಚ್ಚುಹಾಕಲು ಹೊರಟಾಗ, ತಗಡನ್ನು ಕೊರೆಯುವುದರಿಂದ ಮುದ್ರಿಸುವವರೆಗಿನ ಕೆಲಸಗಳಿಗೆಲ್ಲ ಅವರು ತಾವೇ ಕೈಹಾಕಬೇಕಾಯಿತು. ವಿಲಿಯಮನ ನಿಜವಾದ ಪಾಠಶಾಲೆ ಅದು.

1792ರಲ್ಲಿ ಅವರಿಬ್ಬರೂ ದಕ್ಷಿಣ ಭಾರತದಲ್ಲಿ ಸಂಚರಿಸಿದರು. ಮೂರನೆಯ ಮೈಸೂರು ಯುದ್ಧವು ಆಗತಾನೆ ಮುಗಿದಿದ್ದಿತು. ಸೇನೆಗಳು ನಡೆದ ದಾರಿಯಲ್ಲಿಯೇ ಅವರು ಬೆಂಗಳೂರಿಗೂ ಬಂದರು. ಇಂದು ತಮಿಳುನಾಡಿನಲ್ಲಿರುವ ಹೊಸೂರು ಅಂದು ಮೈಸೂರು ಸೀಮೆಯದಾಗಿ ಅವರ ಚಿತ್ರದಲ್ಲಿ ಉಳಿದಿದೆ.

1794ರಲ್ಲಿ ಸ್ವದೇಶಕ್ಕೆ ಮರಳಿದ ವಿಲಿಯಂ ಅಕ್ವಾಟಿಂಟ್ ಎಂಬ ಮುದ್ರಣಕಲೆಯಲ್ಲಿ ಮುಳುಗಿದನು. ಈ ಕಲೆಯಲ್ಲಿ ಮೊದಲು ತಾಮ್ರದ ತಗಡಿನಲ್ಲಿ ಗೆರೆಗಳನ್ನು ಕೊರೆಯುತ್ತಾರೆ. ಅನಂತರ ರಾಳದ ನುಣ್ಣನೆಯ ಪುಡಿಯನ್ನು ಹರಡಿ, ಕಾಯಿಸಿ ಅಂಟಿಸುತ್ತಾರೆ. ಆಮ್ಲದಲ್ಲಿ ಅದ್ದಿದಾಗ ಕಣಗಳ ನಡುವಣ ತಾಮ್ರವು ಸವೆದು ಸಣ್ಣ ಸಣ್ಣ ಕುಳಿಗಳಾಗುತ್ತವೆ. ಹೆಚ್ಚು ಹೊತ್ತು ಸವೆದ ಭಾಗವು ಹೆಚ್ಚು ಮಸಿಯನ್ನು ಹಿಡಿದು ಗಾಢವಾಗಿ ಮೂಡುತ್ತದೆ. ತಿಳಿಯಾಗಿ ಉಳಿಯಬೇಕಾದ ಭಾಗವನ್ನು ವಾರ್ನಿಷ್ ಬಳಿದು ಕಾಪಾಡಬೇಕು. ಕ್ಷಣಕಾಲ ಮೈಮರೆತರೂ ದಿನಗಳ ದುಡಿಮೆ ವ್ಯರ್ಥ. ವಿಲಿಯಂ ಹಲವು ವರ್ಷ ಬೆಳಗಿನಿಂದ ನಡುರಾತ್ರಿಯವರೆಗೆ ದುಡಿದು ಈ ವಿದ್ಯೆಯನ್ನು ವಶಪಡಿಸಿಕೊಂಡನು. ಭಾರತದ ದೃಶ್ಯಗಳ 144 ಚಿತ್ರಗಳು 1808ರ ವೇಳೆಗೆ ಪೂರ್ಣಗೊಂಡವು.

ಈ ನಡುವೆ, 1807ರ ಸುಮಾರಿಗೆ, ಅವನು ಪ್ರಾಣಿಪ್ರಪಂಚದ ಚಿತ್ರಗಳನ್ನೂ ಪ್ರಕಟಿಸತೊಡಗಿದನು. ನೆಲದ ಮೃಗಗಳೊಡನೆ ಕಡಲಿನ ಜೀವಿಗಳೂ ಅಲ್ಲಿ ಸ್ಥಾನ ಪಡೆದವು. ಹುಲಿಯ ಪಟ್ಟೆಯನ್ನು ಗೆರೆಯಿಂದ ತೋರಿಸಬಹುದು. ನೀರಿನಲ್ಲಿ ನೀರಿನಂತೆಯೇ ಇರುವ ಮೈಯನ್ನು ತೋರಿಸಲು ಗೆರೆಯೊಂದೇ ಸಾಲದು. ತಿಳಿಯಿಂದ ಗಾಢಕ್ಕೆ ಮೆಲ್ಲನೆ ಇಳಿಯುವ ಛಾಯೆ ಬೇಕು. ಅಕ್ವಾಟಿಂಟ್ ನೀಡಿದುದು ಅದನ್ನೇ.

ಮುಂದೆ ಅವನು ಬ್ರಿಟನ್ನಿನ ಕರಾವಳಿಯನ್ನು ಸುತ್ತಿ, 1814ರಿಂದ 1825ರವರೆಗೆ 308 ಚಿತ್ರಗಳನ್ನು ಹೊರತಂದನು. 1822ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದನು. 1837ರಲ್ಲಿ ತೀರಿಕೊಂಡನು.

ಚಿಕ್ಕಪ್ಪನ ಸಹಾಯಕನಾಗಿ ಹೊರಟ ಹುಡುಗನನ್ನು ಕಲಾವಿದನನ್ನಾಗಿ ಮಾಡಿದುದು ತಾಳ್ಮೆ. ಹಳೆಯ ಮುದ್ರಣಚಿತ್ರವೊಂದು ಕಣ್ಣಿಗೆ ಬಿದ್ದಾಗ ಜೀವಿಯ ರೂಪವನ್ನಷ್ಟೇ ಅಲ್ಲ, ಅದರ ನೆರಳುಗಳನ್ನೂ ನಿಧಾನವಾಗಿ ನೋಡಿರಿ. ಒಂದೊಂದು ನೆರಳಿನ ಹಿಂದೆಯೂ ಕಾದು ಕುಳಿತ ಮನುಷ್ಯನೊಬ್ಬನಿದ್ದಾನೆ.