ಸೆರೆಮನೆಯಿಂದ ಹೊರಟ ಯಾತ್ರಿಕ: ಜಾನ್ ಬನ್ಯನ್

ತೂತು ಬಿದ್ದ ಪಾತ್ರೆಗಳನ್ನು ಸರಿಪಡಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡವ ಬರೆದ ಕಥೆ 200ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿದೆ ಎಂದರೆ ನಂಬುವಿರಾ? ಆ ಕಥೆಯ ಹೆಸರು 'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದು 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ನಮ್ಮ ಕನ್ನಡಕ್ಕೂ ಬಂದಿತು. ಬರೆದವನು ಇಂಗ್ಲೆಂಡಿನ ಜಾನ್ ಬನ್ಯನ್. ಅವನಿಗೆ ದೊಡ್ಡ ಓದು ಇರಲಿಲ್ಲ, ಹಣವಿರಲಿಲ್ಲ. ಬಾಳಿನ 12 ವರ್ಷಗಳಿಗೂ ಹೆಚ್ಚು ಕಾಲ ಸ್ವಾತಂತ್ರ್ಯವೂ ಇರಲಿಲ್ಲ. ಇದ್ದದ್ದು ದೇವರ ಮೇಲಿನ ನಂಬಿಕೆ ಮತ್ತು ಕಷ್ಟದಲ್ಲಿದ್ದ ಒಂದು ಕುಟುಂಬ. ಇವೆರಡರ ನಡುವೆ ಅವನು ಪಟ್ಟ ಪಾಡೇ ಅವನ ಕಥೆ.

ಬನ್ಯನ್ ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡ್ ಪಟ್ಟಣದ ಹತ್ತಿರದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್ ಹಳ್ಳಿಹಳ್ಳಿ ತಿರುಗಿ ಪಾತ್ರೆ ರಿಪೇರಿ ಮಾಡುತ್ತಿದ್ದ. ಹಿಂದೆ ನಮ್ಮ ಊರುಗಳಲ್ಲಿ ಕಲಾಯಿ ಹಾಕುವವರು ಬೀದಿ ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದುದನ್ನು ನಿಮ್ಮ ಅಜ್ಜಿ ತಾತ ನೋಡಿರುತ್ತಾರೆ. ಹೆಚ್ಚು ಕಡಿಮೆ ಅಂಥದೇ ಕಸುಬು. ಬಡತನವಿದ್ದರೂ ತಂದೆ ತಾಯಿ ಮಗನನ್ನು ಶಾಲೆಗೆ ಕಳಿಸಿದರು. ಅಲ್ಲಿ ಓದು ಬರಹ ಕಲಿತ. ಆಮೇಲೆ ತಂದೆಯ ಕಸುಬನ್ನೇ ಹಿಡಿದ.

1644ನೆಯ ಇಸವಿ ಆ ಮನೆಗೆ ಸಿಡಿಲಿನಂತೆ ಬಂದಿತು. ಜೂನ್ ತಿಂಗಳಲ್ಲಿ ತಾಯಿ ತೀರಿಕೊಂಡಳು. ಮರುತಿಂಗಳು ತಂಗಿ ಮಾರ್ಗರೆಟ್ ತೀರಿಕೊಂಡಳು. ಕೆಲವೇ ವಾರಗಳಲ್ಲಿ ತಂದೆ ಮತ್ತೊಂದು ಮದುವೆಯಾದ. ಆಗ ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು. 16 ವರ್ಷದ ಜಾನ್ ಅದೇ ವರ್ಷ ಪಾರ್ಲಿಮೆಂಟಿನ ಸೈನ್ಯ ಸೇರಿದ. ಒಮ್ಮೆ ಅವನು ಹೋಗಬೇಕಾಗಿದ್ದ ಜಾಗಕ್ಕೆ ಬೇರೊಬ್ಬ ಸೈನಿಕ ತಾನಾಗಿ ಹೋದ. ಅಲ್ಲಿ ಕಾವಲು ನಿಂತಿದ್ದಾಗ ತಲೆಗೆ ಗುಂಡು ತಗುಲಿ ಸತ್ತ. ತನ್ನ ಪಾಲಿನ ಸಾವನ್ನು ಇನ್ನೊಬ್ಬ ಹೊತ್ತುಕೊಂಡ ಈ ಘಟನೆಯನ್ನು ಬನ್ಯನ್ ಮರೆಯಲಿಲ್ಲ.

ಸೈನ್ಯದಿಂದ ಹಿಂದಿರುಗಿದ ಮೇಲೆ, ಸುಮಾರು 1649ರಲ್ಲಿ ಅವನ ಮದುವೆಯಾಯಿತು. ಆ ಹೆಂಡತಿಯ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲ. ಇಬ್ಬರೂ ಎಷ್ಟು ಬಡವರೆಂದರೆ ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚವೂ ಇರಲಿಲ್ಲವೆಂದು ಅವನೇ ಬರೆದುಕೊಂಡಿದ್ದಾನೆ. ಊರ ಪಾತ್ರೆಗಳನ್ನೆಲ್ಲ ಸರಿಮಾಡುವವನ ಮನೆಯಲ್ಲಿ ಪಾತ್ರೆಯಿಲ್ಲ! ಆಕೆ ತವರಿನಿಂದ ತಂದದ್ದು ಎರಡು ಭಕ್ತಿ ಪುಸ್ತಕಗಳನ್ನು ಮಾತ್ರ. ತೀರಿಹೋಗಿದ್ದ ಅವಳ ತಂದೆ ಬಿಟ್ಟುಹೋದ ಆಸ್ತಿ ಅದು. ಸಂಜೆ ಗಂಡ ಹೆಂಡತಿ ಅವನ್ನು ಜೊತೆಯಾಗಿ ಓದುತ್ತಿದ್ದರು. ತನ್ನ ತಂದೆ ಎಂಥ ಸಜ್ಜನ, ಮನೆಯಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದ ಎಂದು ಆಕೆ ಹೇಳುತ್ತಿದ್ದಳು. ಬನ್ಯನ್‌ನ ನಂಬಿಕೆಯ ಮೊದಲ ಪಾಠ ಚರ್ಚಿನಲ್ಲಿ ಅಲ್ಲ, ಆ ಖಾಲಿ ಮನೆಯಲ್ಲಿ ಆರಂಭವಾಯಿತು.

ಆದರೂ ಅವನು ಒಂದೇ ದಿನದಲ್ಲಿ ಬದಲಾಗಲಿಲ್ಲ. ಬಾಯಿ ತೆರೆದರೆ ಬೈಗುಳ. ಆಟ, ಕುಣಿತ, ಚರ್ಚಿನ ಗಂಟೆ ಬಾರಿಸುವುದೆಂದರೆ ಪ್ರಾಣ. ಅದೆಲ್ಲ ತಪ್ಪೋ ಸರಿಯೋ ಎಂದು ಮನಸ್ಸು ವರ್ಷಗಟ್ಟಲೆ ತೊಳಲಾಡಿತು. ಒಂದು ದಿನ ಕೆಲಸದ ಮೇಲೆ ಬೆಡ್‌ಫರ್ಡಿಗೆ ಹೋಗಿದ್ದಾಗ, ಮೂರು ನಾಲ್ಕು ಬಡ ಹೆಂಗಸರು ಮನೆಯ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಮಾತನಾಡುತ್ತಿದ್ದರು. ಆ ಮಾತು ಊರ ಸುದ್ದಿಯಲ್ಲ. ದೇವರು ತಮ್ಮ ಮನಸ್ಸನ್ನು ಹೇಗೆ ಸಂತೈಸಿದ ಎಂಬುದು. ಧರ್ಮದ ವಿಷಯದಲ್ಲಿ ತಾನೂ ಮಾತುಗಾರನೇ ಎಂದುಕೊಂಡಿದ್ದ ಬನ್ಯನ್ ಅಲ್ಲಿ ಬಾಯಿ ಮುಚ್ಚಿ ನಿಂತ. ಅವರು ಮನಸ್ಸಿನಿಂದ ಉಕ್ಕಿದ ಸಂತೋಷದಿಂದ ಮಾತನಾಡುತ್ತಿದ್ದರು. ಅವನಿಗೆ ಅಂಥ ಸಂತೋಷ ಇನ್ನೂ ಗೊತ್ತಿರಲಿಲ್ಲ. ಮತ್ತೆ ಮತ್ತೆ ಅವರ ಬಳಿ ಹೋದ. ಅವರ ಮೂಲಕವೇ ಬೆಡ್‌ಫರ್ಡಿನ ಪಾದ್ರಿ ಜಾನ್ ಗಿಫರ್ಡ್ ನಡೆಸುತ್ತಿದ್ದ ಚಿಕ್ಕ ಸಭೆಗೆ ಸೇರಿದ. ಕೆಲವು ವರ್ಷಗಳಲ್ಲಿ ತಾನೂ ಬೋಧನೆ ಮಾಡತೊಡಗಿದ. ಪಾತ್ರೆ ಬೆಸೆಯುವವನ ಮಾತು ಕೇಳಲು ಜನ ಸೇರುತ್ತಿದ್ದರು.

ಮನೆಯಲ್ಲಿ ಮಾತ್ರ ಕಷ್ಟ ಕಡಿಮೆಯಾಗಲಿಲ್ಲ. 1650ರಲ್ಲಿ ಹುಟ್ಟಿದ ಮೊದಲ ಮಗಳು ಮೇರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವಳ ಬೆನ್ನಿಗೆ ಇನ್ನೂ ಮೂರು ಮಕ್ಕಳಾದವು. 1658ರಲ್ಲಿ ಹೆಂಡತಿ ತೀರಿಕೊಂಡಳು. ಮರುವರ್ಷ ಎಲಿಜಬೆತ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಅವನ ಕೈ ಹಿಡಿದು, ತನ್ನದಲ್ಲದ ನಾಲ್ಕು ಮಕ್ಕಳಿಗೆ ತಾಯಿಯಾದಳು.

1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಾಗಿ ಮರಳಿ ಬಂದ. ಸರ್ಕಾರದ ಒಪ್ಪಿಗೆ ಪಡೆದ ಚರ್ಚಿನ ಹೊರಗೆ ಸಭೆ ಸೇರಿಸಿ ಬೋಧನೆ ಮಾಡುವುದು ಅಪರಾಧವೆಂದು ಹಳೆಯ ಕಾನೂನನ್ನು ಮತ್ತೆ ಜಾರಿಗೆ ತಂದರು. ನವೆಂಬರ್ 12ರಂದು ಒಂದು ಹಳ್ಳಿಯಲ್ಲಿ ಬನ್ಯನ್ ಬೋಧಿಸಬೇಕಿತ್ತು. ಬಂಧಿಸಲು ವಾರಂಟ್ ಹೊರಟಿದೆ ಎಂಬ ಸುದ್ದಿ ಮೊದಲೇ ಬಂತು. ತಪ್ಪಿಸಿಕೊಳ್ಳಲು ಸಮಯವೂ ಇತ್ತು. ಆದರೆ ತಾನೇ ಓಡಿದರೆ ತನ್ನನ್ನು ನಂಬಿದ ಬಡ ಜನರ ಧೈರ್ಯ ಕುಸಿಯುತ್ತದೆ ಎಂದು ಅವನು ಅಲ್ಲೇ ನಿಂತ. ಸೆರೆ ಸಿಕ್ಕಿತು.

ಆ ಸುದ್ದಿ ಕೇಳಿದಾಗ ಎಲಿಜಬೆತ್ ತುಂಬು ಗರ್ಭಿಣಿ. ಆಘಾತದಿಂದ ಅವಧಿಗೆ ಮೊದಲೇ ನೋವು ಕಾಣಿಸಿಕೊಂಡಿತು. ಎಂಟು ದಿನ ನರಳಿದಳು. ಮಗು ಉಳಿಯಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಬನ್ಯನ್‌ನನ್ನು ಸೆರೆಯಲ್ಲಿ ಇಟ್ಟದ್ದು ಕಬ್ಬಿಣದ ಬಾಗಿಲು ಮಾತ್ರವಲ್ಲ. ಇನ್ನು ಬೋಧನೆ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದರೆ ಸಾಕಿತ್ತು, ಮನೆಗೆ ಹೋಗಬಹುದಾಗಿತ್ತು. ಅವನು ಆ ಮಾತು ಕೊಡಲಿಲ್ಲ. ಸೆರೆಯಲ್ಲಿದ್ದಾಗ ಬರೆದು 1666ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನ ಸಂಕಟವನ್ನು ಮುಚ್ಚಿಡದೆ ಹೇಳಿದ್ದಾನೆ. ಹೆಂಡತಿ ಮಕ್ಕಳನ್ನು ಅಗಲುವುದು ಮೂಳೆಯಿಂದ ಮಾಂಸ ಕಿತ್ತಂತೆ ಇತ್ತಂತೆ. ಎಲ್ಲರಿಗಿಂತ ಹೆಚ್ಚಾಗಿ ಕಣ್ಣಿಲ್ಲದ ಮೇರಿಯ ನೆನಪು ಅವನನ್ನು ಹಿಂಡುತ್ತಿತ್ತು. ಗಾಳಿ ಸೋಕಿದರೂ ಸಹಿಸಲಾಗದಷ್ಟು ಪ್ರೀತಿಸಿದ ಮಗು ಹಸಿವು, ಚಳಿ, ಪೆಟ್ಟುಗಳಿಗೆ ಸಿಕ್ಕಬಹುದಲ್ಲ ಎಂಬ ಚಿಂತೆ. ತನ್ನ ಮನೆಯನ್ನು ಹೆಂಡತಿ ಮಕ್ಕಳ ತಲೆಯ ಮೇಲೆ ತಾನೇ ಕೆಡವುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವನು ಮಾಡಿದ್ದು ಸರಿಯೇ? ಮಕ್ಕಳಿಗಾಗಿ ಬಾಯಿ ಮುಚ್ಚಿಕೊಳ್ಳಬಾರದಿತ್ತೇ? ನಾನು ಈ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ. ಆದರೆ ಅದು ಅವನಿಗೆ ಸುಲಭವಾಗಿತ್ತು ಎಂದು ಮಾತ್ರ ಯಾರೂ ಹೇಳಲಾರರು.

ಈ ಕಥೆಯಲ್ಲಿ ಇನ್ನೊಬ್ಬ ಧೀರ ವ್ಯಕ್ತಿ ಎಲಿಜಬೆತ್. ಗಂಡನ ಬಿಡುಗಡೆಗಾಗಿ ಆಕೆ ಲಂಡನ್‌ವರೆಗೆ ಹೋಗಿ ಬಂದಳು. 1661ರ ಆಗಸ್ಟಿನಲ್ಲಿ ನ್ಯಾಯಾಧೀಶರು ಬೆಡ್‌ಫರ್ಡಿಗೆ ಬಂದಾಗ ಒಬ್ಬರಾದ ಮೇಲೆ ಒಬ್ಬರಿಗೆ ಅರ್ಜಿ ಕೊಟ್ಟಳು. ಒಬ್ಬ ನ್ಯಾಯಾಧೀಶನ ಸಾರೋಟಿನೊಳಕ್ಕೆ ಅರ್ಜಿ ಎಸೆದು ಬೈಸಿಕೊಂಡಳು. ಕೊನೆಗೆ ನ್ಯಾಯಾಧೀಶರೂ ಊರ ದೊಡ್ಡ ಮನುಷ್ಯರೂ ತುಂಬಿದ್ದ ಕೋಣೆಗೆ ನಾಚಿಕೆ ಹೆದರಿಕೆ ನುಂಗಿಕೊಂಡು ನಡೆದಳು. ನಾಲ್ಕು ಚಿಕ್ಕ ಮಕ್ಕಳು, ಒಂದಕ್ಕೆ ಕಣ್ಣಿಲ್ಲ, ಜನರ ದಾನವೇ ಗತಿ ಎಂದು ಹೇಳಿದಳು. ಗಂಡ ಬೋಧನೆ ಬಿಡುತ್ತಾನೆಯೇ ಎಂದು ಅವರು ಕೇಳಿದರು. ಅವನಿಗೆ ಮಾತು ಬರುವವರೆಗೂ ಬಿಡಲಾರ ಎಂದಳು. ಒಂದು ಸುಳ್ಳು ಹೇಳಿದ್ದರೆ ಕೆಲಸವಾಗುತ್ತಿತ್ತೇನೋ, ಹೇಳಲಿಲ್ಲ. ಸರ್ ಮ್ಯಾಥ್ಯೂ ಹೇಲ್ ಎಂಬ ನ್ಯಾಯಾಧೀಶ ಕನಿಕರದಿಂದ ಮಾತನಾಡಿ ಕಾನೂನಿನ ದಾರಿಗಳನ್ನು ತಿಳಿಸಿದನೇ ಹೊರತು ಬಿಡುಗಡೆ ಸಿಗಲಿಲ್ಲ. ಆಕೆ ಅಳುತ್ತಾ ಹೊರಬಂದಳು.

ಮೂರು ತಿಂಗಳೆಂದು ಆರಂಭವಾದ ಸೆರೆ 12 ವರ್ಷ ಬೆಳೆಯಿತು. ಆದರೂ ಬನ್ಯನ್ ಕೈಕಟ್ಟಿ ಕೂರಲಿಲ್ಲ. ಕಸುಬಿನ ಸಾಮಾನು ಅಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ ಲೇಸುಗಳ ತುದಿಗೆ ಲೋಹದ ಮೊನೆ ಕೂರಿಸುವ ಕೆಲಸ ಕಲಿತ. ಒಂದು ಗ್ರೋಸ್ ಎಂದರೆ 144; ಹೀಗೆ ನೂರಾರು ಗ್ರೋಸ್ ಲೇಸು ಮಾಡಿ ಮಾರಿ ಹೆಂಡತಿ ಮಕ್ಕಳ ಊಟಕ್ಕೆ ದಾರಿ ಮಾಡಿದ. ಮೇರಿ ಜಗ್ಗಿನಲ್ಲಿ ಸೂಪು ಹಿಡಿದುಕೊಂಡು ದಾರಿ ತಡಕುತ್ತಾ ಅಪ್ಪನಿಗೆ ತಂದುಕೊಡುತ್ತಿದ್ದಳು ಎಂದು ಬೆಡ್‌ಫರ್ಡಿನ ಜನ ಇಂದಿಗೂ ಕಥೆ ಹೇಳುತ್ತಾರೆ. ಆ ಮಗು ಅಪ್ಪನಿಗಿಂತ ಮೊದಲೇ ತೀರಿಕೊಂಡಿತು.

ಕೈ ಕೆಲಸ ಮುಗಿದ ಮೇಲೆ ಬರವಣಿಗೆ. 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್'ನ ಬೀಜ ಮೊಳೆತದ್ದು ಸೆರೆಮನೆಯಲ್ಲಿ. 1672ರಲ್ಲಿ ಬಿಡುಗಡೆಯಾಯಿತು; ಕೆಲವು ವರ್ಷಗಳ ನಂತರ ಮತ್ತೆ ಸುಮಾರು ಆರು ತಿಂಗಳು ಸೆರೆಯಾಯಿತು. ಪುಸ್ತಕ ಅಚ್ಚಾದದ್ದು 1678ರಲ್ಲಿ. ಅಚ್ಚು ಮಾಡಿಸುವ ಮುಂಚೆ ಗೆಳೆಯರಿಗೆ ತೋರಿಸಿದರೆ, ಧರ್ಮದ ವಿಷಯವನ್ನು ಕಟ್ಟುಕಥೆ ಮಾಡಿ ಹೇಳುವುದೇ ಎಂದು ಕೆಲವರು ಬೇಡವೆಂದರು, ಕೆಲವರು ಬೇಕೆಂದರು. ಬನ್ಯನ್ ಧೈರ್ಯ ಮಾಡಿದ. ಅವನು ಬದುಕಿದ್ದಾಗಲೇ 11 ಮುದ್ರಣಗಳಾದವು.

ಕಥೆ ಹೀಗಿದೆ. ಬೆನ್ನಿನ ಮೇಲೆ ಭಾರವಾದ ಮೂಟೆ ಹೊತ್ತ ಕ್ರಿಶ್ಚಿಯನ್ ಎಂಬುವನು ನಾಶವಾಗಲಿರುವ ತನ್ನ ಪಟ್ಟಣ ಬಿಟ್ಟು ಸ್ವರ್ಗದ ಪಟ್ಟಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ನಿರಾಶೆಯ ಕೆಸರಿನಲ್ಲಿ ಹೂತುಹೋಗುತ್ತಾನೆ. ಶಿಲುಬೆಯ ಬಳಿ ಅವನ ಮೂಟೆ ತಾನಾಗಿ ಕಳಚಿ ಬೀಳುತ್ತದೆ. ಥಳುಕಿನ ವಸ್ತುಗಳನ್ನೆಲ್ಲ ಮಾರುವ 'ವ್ಯಾನಿಟಿ ಫೇರ್' ಎಂಬ ಜಾತ್ರೆಯಲ್ಲಿ ಏನನ್ನೂ ಕೊಳ್ಳದ್ದಕ್ಕೆ ಏಟು ತಿನ್ನುತ್ತಾನೆ. ಹತಾಶೆಯೆಂಬ ರಾಕ್ಷಸ ಅವನನ್ನೂ ಗೆಳೆಯನನ್ನೂ ಸಂಶಯದ ಕೋಟೆಯಲ್ಲಿ ಕೂಡಿಹಾಕುತ್ತಾನೆ. ಕೆಲವು ದಿನಗಳ ಮೇಲೆ ಕ್ರಿಶ್ಚಿಯನ್‌ಗೆ ನೆನಪಾಗುತ್ತದೆ: ವಾಗ್ದಾನವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯ ಬಳಿಯೇ ಇದೆ! ಸೆರೆಯ ಬೀಗದ ಸದ್ದನ್ನು ವರ್ಷಗಟ್ಟಲೆ ಕೇಳಿದವನು ಮಾತ್ರ ಇದನ್ನು ಹೀಗೆ ಬರೆಯಬಲ್ಲ.

ಆದರೆ ಈ ಮೊದಲ ಭಾಗದಲ್ಲಿ ಒಂದು ನೋವಿನ ಚಿತ್ರವಿದೆ. ಕ್ರಿಶ್ಚಿಯನ್ ಹೆಂಡತಿಯನ್ನೂ ನಾಲ್ಕು ಗಂಡುಮಕ್ಕಳನ್ನೂ ಬಿಟ್ಟು ಒಬ್ಬನೇ ಓಡುತ್ತಾನೆ. ಅವರು ಕೂಗಿದರೆ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ಓದಿದವರಿಗೆ ಹೊಟ್ಟೆ ಚುರ್ ಎನ್ನುತ್ತದೆ. ಬನ್ಯನ್‌ನನ್ನೂ ಅದು ಕಾಡಿರಬೇಕೆಂದು ನನಗೆ ತೋರುತ್ತದೆ. ಏಕೆಂದರೆ 1684ರಲ್ಲಿ ಎರಡನೆಯ ಭಾಗ ಬರೆದಾಗ ಅದೇ ದಾರಿಯಲ್ಲಿ ಹೆಂಡತಿ ಕ್ರಿಸ್ಟಿಯಾನಾ ನಾಲ್ಕು ಮಕ್ಕಳನ್ನೂ ನೆರೆಮನೆಯ ಹುಡುಗಿಯನ್ನೂ ಕರೆದುಕೊಂಡು ಹೊರಡುತ್ತಾಳೆ. ಈ ಯಾತ್ರೆ ನಮ್ಮ ನಿಮ್ಮ ಮನೆಯ ಪ್ರವಾಸದ ಹಾಗಿದೆ. ಒಬ್ಬ ಹುಡುಗ ತಿನ್ನಬಾರದ ಹಣ್ಣು ತಿಂದು ಹೊಟ್ಟೆನೋವು ಬರಿಸಿಕೊಳ್ಳುತ್ತಾನೆ, ವೈದ್ಯರು ಬಂದು ಔಷಧಿ ಕೊಡುತ್ತಾರೆ. ದಾರಿಯಲ್ಲೇ ಮದುವೆಗಳಾಗುತ್ತವೆ. ಊರುಗೋಲು ಹಿಡಿದವನು, ಅಂಜುಬುರುಕಿ ಮಗಳು, ಬೇಗ ನಡೆಯಲಾರದ ಬಲಹೀನ, ಎಲ್ಲರೂ ಸೇರಿಕೊಳ್ಳುತ್ತಾರೆ. ಅವರನ್ನು ಕಾಯುವ ವೀರ, ಬಲಹೀನರಿಗಾಗಿ ನಿಧಾನವಾಗಿ ನಡೆಯಲು ಒಪ್ಪುತ್ತಾನೆ. ಮೊದಲ ಭಾಗದಲ್ಲಿ ತಪ್ಪಿಸಿಕೊಂಡದ್ದೇ ಹೆಚ್ಚೆನಿಸಿದ ಆ ರಾಕ್ಷಸನನ್ನು ಇಲ್ಲಿ ಯಾತ್ರಿಕರು ಸೇರಿ ಕೊಂದು ಕೋಟೆಯನ್ನೇ ಕೆಡವುತ್ತಾರೆ. ಒಬ್ಬನಿಂದಾಗದ್ದು ಕುಟುಂಬದಿಂದಾಯಿತು.

ಈ ಕಥೆ ಮುಂದೆ ಎಷ್ಟೋ ಮನೆಗಳನ್ನು ಹೊಕ್ಕಿತು. ನಿಮ್ಮಲ್ಲಿ ಕೆಲವರು ಓದಿರುವ 'ಲಿಟ್ಲ್ ವುಮೆನ್' ಕಾದಂಬರಿ 1868ರಲ್ಲಿ ಬಂದದ್ದು. ಅದರಲ್ಲಿ ಅಪ್ಪ ಯುದ್ಧಕ್ಕೆ ಹೋಗಿರುವ ಮನೆಯ ನಾಲ್ಕು ಅಕ್ಕತಂಗಿಯರು, ಚಿಕ್ಕಂದಿನಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು ಈ ಯಾತ್ರೆಯ ಆಟ ಆಡಿದ್ದನ್ನು ನೆನೆಯುತ್ತಾರೆ. ಬೆಳೆದ ಮೇಲೆ ಸಿಟ್ಟು, ಸೋಮಾರಿತನ, ಹೊಟ್ಟೆಕಿಚ್ಚುಗಳೇ ತಮ್ಮ ನಿಜವಾದ ಮೂಟೆಗಳೆಂದು ಅರಿಯುತ್ತಾರೆ. ದುಡಿಮೆಗಾಗಿ ಅಪ್ಪ ದೂರದ ಊರಿನಲ್ಲಿರುವ ಮನೆಗಳು ನಮ್ಮಲ್ಲೂ ಇವೆ. ಅಂಥ ಮನೆಯ ಮಕ್ಕಳಿಗೆ ಈ ಎರಡು ಪುಸ್ತಕಗಳೂ ಹತ್ತಿರದವೆನಿಸುತ್ತವೆ, ಅವರು ಯಾವ ಧರ್ಮದವರೇ ಆಗಿರಲಿ.

ಬನ್ಯನ್‌ನ ಕೊನೆಯ ಪ್ರಯಾಣವೂ ಒಂದು ಕುಟುಂಬಕ್ಕಾಗಿಯೇ ಆಯಿತು. 1688ರಲ್ಲಿ ರೆಡಿಂಗ್ ಎಂಬ ಊರಿನಲ್ಲಿ ಒಬ್ಬ ತಂದೆ ಸಿಟ್ಟಿನಿಂದ ಮಗನಿಗೆ ಆಸ್ತಿ ಕೊಡುವುದಿಲ್ಲವೆಂದು ಕುಳಿತಿದ್ದ. ಸುಮಾರು 60 ವರ್ಷದ ಬನ್ಯನ್ ಕುದುರೆ ಏರಿ ಅಲ್ಲಿಗೆ ಹೋಗಿ ತಂದೆ ಮಗನನ್ನು ಒಂದು ಮಾಡಿದ. ಅಲ್ಲಿಂದ ಲಂಡನ್‌ಗೆ ಹೋಗುವಾಗ ಜೋರು ಮಳೆಯಲ್ಲಿ ನೆನೆದು ಜ್ವರ ಬಂತು. ಆಗಸ್ಟ್ 31ರಂದು ದಿನಸಿ ವ್ಯಾಪಾರಿಯಾದ ಗೆಳೆಯನ ಮನೆಯಲ್ಲಿ ಕಣ್ಣು ಮುಚ್ಚಿದ. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ ಅವನ ಸಮಾಧಿಯಿದೆ. ಅದರ ಒಂದು ಬದಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತ ಯಾತ್ರಿಕನ ಶಿಲ್ಪವಿದೆ.

ಮಕ್ಕಳೇ, ಬನ್ಯನ್ ಬದುಕಿನುದ್ದಕ್ಕೂ ಬೆಸೆಯುವವನೇ ಆಗಿದ್ದ. ಮೊದಲು ಪಾತ್ರೆಗಳನ್ನು, ಆಮೇಲೆ ಲೇಸುಗಳನ್ನು, ಕೊನೆಗೆ ಮುರಿದುಬಿದ್ದ ಒಂದು ಮನೆಯನ್ನು. ಅವನಿಗೆ ನಂಬಿಕೆ ಸಿಕ್ಕಿದ್ದು ಖಾಲಿ ಅಡುಗೆಮನೆಯಲ್ಲಿ, ಬಿಸಿಲು ಕಾಯಿಸುವ ಹೆಂಗಸರ ಮಾತಿನಲ್ಲಿ, ಕಣ್ಣಿಲ್ಲದ ಮಗಳ ನೆನಪಿನಲ್ಲಿ. ಇಂದು ಮನೆಗೆ ಹೋದಾಗ ನಿಮ್ಮ ತಂದೆ ತಾಯಿ ಯಾವ ಮೂಟೆ ಹೊತ್ತಿದ್ದಾರೆಂದು ಒಮ್ಮೆ ನೋಡಿ. ಪೋಷಕರೇ, ನಿಮ್ಮ ಮಗು ನಡೆಯುವ ವೇಗಕ್ಕೆ ನೀವೂ ಸ್ವಲ್ಪ ನಿಧಾನಿಸಿ ನಡೆಯಿರಿ. ದಾರಿ ದೂರವಿದ್ದರೂ ಜೊತೆಯಲ್ಲಿ ನಡೆದರೆ ಸಾಗುತ್ತದೆ.