ಡೆಸಿ ಅರ್ನಾಜ್

ಕ್ಯೂಬಾ ದ್ವೀಪದ ಸಾಂಟಿಯಾಗೊ ನಗರದಲ್ಲಿ 1917ರ ಮಾರ್ಚ್ 2ರಂದು ಡೆಸಿ ಅರ್ನಾಜ್ ಜನಿಸಿದನು. ತಂದೆಯು ಆ ನಗರದ ಮೇಯರ್ ಆಗಿದ್ದವನು. ಮನೆಯಲ್ಲಿ ಸಿರಿಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ 1933ರ ಕ್ರಾಂತಿಯಲ್ಲಿ ತಂದೆ ಸೆರೆಮನೆ ಸೇರಿದನು, ಆಸ್ತಿಯೆಲ್ಲ ಕೈಬಿಟ್ಟುಹೋಯಿತು. ಅಮೆರಿಕದ ಮಯಾಮಿ ನಗರಕ್ಕೆ ಬಂದು ಸೇರಿದ ತರುಣನು ಹೊಟ್ಟೆಪಾಡಿಗಾಗಿ ಹಕ್ಕಿಗಳ ಪಂಜರಗಳನ್ನು ತೊಳೆಯಬೇಕಾಯಿತು. ಕೊನೆಗೆ ಸಂಗೀತವು ಅವನ ಕೈಹಿಡಿಯಿತು. ವಾದ್ಯವೃಂದಗಳಲ್ಲಿ ಹಾಡಿ, ಕಾಂಗಾ ಡೋಲು ಬಾರಿಸಿ ಹೆಸರು ಗಳಿಸಿದನು. 1940ರಲ್ಲಿ ಆರ್.ಕೆ.ಓ. ಸ್ಟುಡಿಯೋದ ಚಿತ್ರವೊಂದರಲ್ಲಿ ಅಭಿನಯಿಸುವಾಗ ಲೂಸಿಲ್ ಬಾಲ್ ಎಂಬ ನಟಿಯ ಪರಿಚಯವಾಗಿ, ಅದೇ ವರ್ಷ ಅವಳನ್ನು ವಿವಾಹವಾದನು.

ಮುಂದೆ ಸಿ.ಬಿ.ಎಸ್. ಸಂಸ್ಥೆಯು ಲೂಸಿಲ್‌ಗಾಗಿ ಟೆಲಿವಿಷನ್ ಹಾಸ್ಯಮಾಲಿಕೆಯೊಂದನ್ನು ಯೋಜಿಸಿದಾಗ, ಗಂಡನ ಪಾತ್ರವನ್ನು ತನ್ನ ಗಂಡನೇ ವಹಿಸಬೇಕೆಂದು ಅವಳು ಪಟ್ಟುಹಿಡಿದಳು. ಕ್ಯೂಬಾದವನೊಬ್ಬನನ್ನು ಅಮೆರಿಕದ ಹೆಣ್ಣಿನ ಪತಿಯೆಂದು ಜನರು ಒಪ್ಪಲಾರರೆಂದು ಅಧಿಕಾರಿಗಳು ಶಂಕಿಸಿದರು. ಅವರಿಬ್ಬರೂ ಹತ್ತು ವರ್ಷಗಳಿಂದ ಸಂಸಾರ ನಡೆಸುತ್ತಿದ್ದುದು ಆ ಅಧಿಕಾರಿಗಳಿಗೆ ಮರೆತಿತ್ತೋ ಏನೋ! ದಂಪತಿಗಳು 1950ರಲ್ಲಿ ಊರೂರು ಸುತ್ತಿ, ರಂಗದ ಮೇಲೆ ಜೊತೆಯಾಗಿ ಅಭಿನಯಿಸಿ, ಪ್ರೇಕ್ಷಕರ ನಗೆಯನ್ನೇ ಸಾಕ್ಷಿಯಾಗಿ ಒಪ್ಪಿಸಿದರು.

ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಆ ಕಾಲದಲ್ಲಿ ಇಂತಹ ಕಾರ್ಯಕ್ರಮಗಳು ಬಹುಮಟ್ಟಿಗೆ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದುವು. ದೂರದ ಊರುಗಳಿಗೆ ದೊರೆಯುತ್ತಿದ್ದುದು ಟೆಲಿವಿಷನ್ ಪರದೆಯನ್ನೇ ಚಿತ್ರೀಕರಿಸಿದ ಮಸುಕಾದ ಪ್ರತಿ. ಹಣ ಹೂಡುವವರು ನ್ಯೂಯಾರ್ಕೇ ಆಗಬೇಕೆಂದರು. ದಂಪತಿಗಳು ಹಾಲಿವುಡ್ಡನ್ನು ಬಿಡಲೊಲ್ಲರು. ಆಗ ಅರ್ನಾಜ್‌ನು ಪ್ರೇಕ್ಷಕರ ಎದುರಿನಲ್ಲಿಯೇ ನಾಟಕವನ್ನಾಡಿ, ಅದನ್ನು ಮೂರು ಕ್ಯಾಮರಾಗಳಿಂದ ಏಕಕಾಲದಲ್ಲಿ ಸಿನಿಮಾ ಫಿಲ್ಮಿನ ಮೇಲೆ ಸೆರೆಹಿಡಿಯುವ ಏರ್ಪಾಟನ್ನು ಮಾಡಿದನು. ಮೂರು ಕೋನಗಳಿಗೂ ಒಂದೇ ಬೆಳಕು ಒದಗುವುದು ಸುಲಭವಲ್ಲ. 'ಮೆಟ್ರೊಪೊಲಿಸ್' ಚಿತ್ರದ ಛಾಯಾಗ್ರಾಹಕರಲ್ಲೊಬ್ಬನಾದ ಕಾರ್ಲ್ ಫ್ರಾಯಿಂಡ್‌ನು ಮೇಲಿನಿಂದ ರಂಗದ ತುಂಬ ಸಮನಾಗಿ ಬೆಳಕು ಹಾಯಿಸಿ ಆ ಸಮಸ್ಯೆಯನ್ನು ಬಿಡಿಸಿದನು. ಖರ್ಚೇನೋ ಏರಿತು. ದಂಪತಿಗಳು ವಾರಕ್ಕೆ 1000 ಡಾಲರ್ ಸಂಭಾವನೆಯನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಫಿಲ್ಮುಗಳ ಒಡೆತನವನ್ನು ತಮ್ಮ 'ಡೆಸಿಲು' ಸಂಸ್ಥೆಗೆ ಪಡೆದುಕೊಂಡರು. ಒಮ್ಮೆ ತೋರಿಸಿದ ಹಾಸ್ಯಕ್ಕೆ ಮತ್ತೆ ಬೆಲೆ ಬಂದೀತೆಂಬ ಎಣಿಕೆ ಆಗ ಯಾರಿಗೂ ಇದ್ದಂತೆ ತೋರುವುದಿಲ್ಲ.

1951ರ ಅಕ್ಟೋಬರ್ 15ರಂದು 'ಐ ಲವ್ ಲೂಸಿ' ಆರಂಭವಾಯಿತು. ಲೂಸಿಯ ಮಗುವಿನ ಜನನದ ಕಥೆಯನ್ನು 1953ರ ಜನವರಿ 19ರಂದು ಸುಮಾರು 4 ಕೋಟಿ 40 ಲಕ್ಷ ಜನರು ನೋಡಿದರು. ಆ ದಿನವೇ ದಂಪತಿಗಳಿಗೆ ನಿಜವಾಗಿಯೂ ಗಂಡುಮಗು ಹುಟ್ಟಿತು. ಫಿಲ್ಮುಗಳ ಹಕ್ಕು ಲಕ್ಷಗಟ್ಟಲೆ ಡಾಲರಿಗೆ ಮಾರಾಟವಾಯಿತು. ಒಂದು ಕಾಲಕ್ಕೆ ತಾವು ಸಂಬಳಕ್ಕೆ ದುಡಿದಿದ್ದ ಆರ್.ಕೆ.ಓ. ಸ್ಟುಡಿಯೋವನ್ನೇ ದಂಪತಿಗಳು 1957ರಲ್ಲಿ ಕೊಂಡುಕೊಂಡರು.

ದುಡಿಮೆಯ ಭಾರವೂ ಮದ್ಯದ ಚಟವೂ ಅರ್ನಾಜ್‌ನನ್ನು ಹಣ್ಣುಮಾಡಿದುವು. 1960ರಲ್ಲಿ ದಂಪತಿಗಳು ಬೇರೆಯಾದರು; 1962ರಲ್ಲಿ ಅವನು ತನ್ನ ಪಾಲನ್ನು ಲೂಸಿಲ್‌ಗೇ ಮಾರಿ ಸಂಸ್ಥೆಯಿಂದ ಹೊರಬಂದನು. 1986ರ ಡಿಸೆಂಬರ್ 2ರಂದು ತೀರಿಕೊಂಡನು. ಮೂವತ್ತೈದು ವರ್ಷಗಳ ಹಿಂದಿನ ಆ ಫಿಲ್ಮುಗಳು ಆಗಲೂ ಟೆಲಿವಿಷನ್ನಿನಲ್ಲಿ ಪ್ರಸಾರವಾಗುತ್ತಲೇ ಇದ್ದುವು.