ಗುರ್ವಾಜ್ಞೆಯೇ ದಿವ್ಯೌಷಧ: ರಾಘವಾಂಕ ಕವಿಯ ಚರಿತ್ರೆ

ಮೇಡ್ಲೇರಿಯಿರುವ ರಾಣೇಬೆನ್ನೂರ ಸೀಮೆಯ ಅಂಚನ್ನು ಪಾವನಗೊಳಿಸುತ್ತ ಹರಿಯುವ ತುಂಗಭದ್ರೆಯು ಮುಂದೆ ಪಂಪಾಕ್ಷೇತ್ರವನ್ನು ಸೇರುವಳು. ಶ್ರೀ ವಿರೂಪಾಕ್ಷನ ಸನ್ನಿಧಿಯಾದ ಆ ಹಂಪೆಯಲ್ಲಿ ಕ್ರಿ.ಶ. 1200ರ ಆಚೀಚೆಗೆ ಬಾಳಿದ ಮಹಾಕವಿ ರಾಘವಾಂಕನು. ಮಹಾದೇವಭಟ್ಟ ಮತ್ತು ರುದ್ರಾಣಿಯರು ಆತನ ತಂದೆತಾಯಿಗಳು. ಗಿರಿಜಾಕಲ್ಯಾಣವನ್ನೂ ಶರಣರ ರಗಳೆಗಳನ್ನೂ ರಚಿಸಿದ ಹರಿಹರದೇವರು ಆತನ ಸೋದರಮಾವಂದಿರು, ಅವರೇ ಗುರುಗಳು. ವಿರೂಪಾಕ್ಷನನ್ನೂ ಆತನ ಶರಣರನ್ನೂ ಅಲ್ಲದೆ ನರರನ್ನು ಸ್ತುತಿಸಲಾಗದೆಂಬುದು ಆ ಗುರುಗಳ ಕಠಿನ ವ್ರತವಾಗಿದ್ದಿತು.

ಯೌವನದಲ್ಲಿಯೇ ಕಾವ್ಯಕಲೆಯಲ್ಲಿ ಪ್ರೌಢನಾದ ರಾಘವಾಂಕನು ಸತ್ಯಸಂಧನಾದ ಹರಿಶ್ಚಂದ್ರನ ಕಥೆಯನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು, ಹಂಪೆಯ ದೇವರಾಜನೆಂಬ ಅರಸನ ಸಭೆಯಲ್ಲಿ ಓದಿ ಮನ್ನಣೆ ಪಡೆದನೆಂದು ವೀರಶೈವ ಪರಂಪರೆಯು ಹೇಳುತ್ತದೆ. ಅರಸನ ಮೆಚ್ಚುಗೆಯ ಹರ್ಷದಿಂದ ಗುರುಸನ್ನಿಧಿಗೆ ಬಂದ ಶಿಷ್ಯನನ್ನು ಕಂಡು ಹರಿಹರದೇವರು ಹರ್ಷಿಸಲಿಲ್ಲ. ಶಿವಸ್ತುತಿಗೆ ಮೀಸಲಾದ ನಾಲಗೆಯನ್ನು ನರಸ್ತುತಿಗೆ ತೆತ್ತನೆಂದು ಕನಲಿ ಹೊಡೆಯಲು, ಕವಿಯ ಹಲ್ಲುಗಳು ಉದುರಿದುವಂತೆ.

ಕವಿಗೆ ಇದು ಬರಿಯ ದೇಹವ್ಯಥೆಯಲ್ಲ. ತಥದಧನಗಳೆಂಬ ವರ್ಣಗಳಿಗೆ ದಂತವೇ ಸ್ಥಾನವೆಂದು ವ್ಯಾಕರಣಶಾಸ್ತ್ರವು ವಿಧಿಸಿದೆ. ಹಲ್ಲು ಹೋದವನ ಕಾವ್ಯವಾಚನವು ತೊದಲಾಗುವುದು. ಯಾವ ವಾಕ್ಕಿನಿಂದ ಸಭೆಯನ್ನು ಗೆದ್ದನೋ ಆ ವಾಕ್ಕೇ ಕುಂದಿತು. ಮಾನಧನನಾದ ಬೇರೊಬ್ಬನಾಗಿದ್ದರೆ ಅರಸನ ಬಳಿಗೆ ಹೋಗಿ ದೂರಿಡುತ್ತಿದ್ದನು. ಇಲ್ಲವೆ ಗುರುವನ್ನು ತೊರೆಯುತ್ತಿದ್ದನು. ರಾಘವಾಂಕನು ಎರಡನ್ನೂ ಮಾಡಲಿಲ್ಲ. ಗುರುಗಳ ಕೋಪವನ್ನು ಶಿವನ ಆಜ್ಞೆಯೆಂದೇ ತಲೆಯಲ್ಲಿ ಹೊತ್ತು, ಪಾದಕ್ಕೆರಗಿ, ಶಿವಮಹಿಮೆಯನ್ನೂ ಶರಣರ ಚರಿತ್ರೆಗಳನ್ನೂ ಹಾಡಲು ತೊಡಗಿದನು.

ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಬರಮಾಡಿಕೊಂಡ ಆದಯ್ಯನ ಕಥೆಯು ಸೋಮನಾಥಚಾರಿತ್ರವಾಯಿತು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಶಿವಯೋಗಿಯ ಬಾಳು ಸಿದ್ಧರಾಮಚಾರಿತ್ರವಾಯಿತು. ದಕ್ಷನ ಅಹಂಕಾರವು ವೀರಭದ್ರನಿಂದ ಮುರಿದುದನ್ನು ಉದ್ದಂಡ ಷಟ್ಪದಿಯ ವೀರೇಶಚರಿತೆಯಲ್ಲಿ ಬಣ್ಣಿಸಿದನು. ಗರ್ವದ ಫಲವನ್ನು ಉಂಡವನೇ ಗರ್ವಭಂಗದ ಕಥೆಯನ್ನು ಬರೆದನು. ಶರಭಚಾರಿತ್ರ, ಹರಿಹರಮಹತ್ವಗಳು ಮಾತ್ರ ಇಂದು ದೊರೆಯುತ್ತಿಲ್ಲ. ಹೀಗೆ ಒಂದೊಂದು ಕೃತಿಯು ಮುಗಿದಂತೆಲ್ಲ ಒಂದೊಂದು ಹಲ್ಲು ಮರಳಿ ಮೂಡಿತೆಂಬುದು ಭಕ್ತಜನರ ನಂಬುಗೆ.

ಇದನ್ನು ಪವಾಡವೆಂದು ಭಾವಿಸುವವರೂ ಉಂಟು, ಸಂಕೇತವೆಂದು ತಿಳಿಯುವವರೂ ಉಂಟು. ಹೇಗೆ ತಿಳಿದರೂ ಒಂದು ಸಂಗತಿಯು ಸ್ಪಷ್ಟ. ಗುರುಗಳ ಕೋಪವು ಹರಿಶ್ಚಂದ್ರಕಾವ್ಯವನ್ನು ಅಳಿಸಲಿಲ್ಲ. ಆ ಕಾವ್ಯವು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ. ಅಳಿದುದು ಸಭೆಯ ಹೊಗಳಿಕೆಗೆ ಹಿಗ್ಗಿದ ಬಗೆಯೊಂದೇ. ಕವಿಯನ್ನು ಕಾಡಿದ ನಿಜವಾದ ರೋಗವು ಬಾಯಲ್ಲಿರದೆ ಮನದಲ್ಲಿದ್ದಿತು. ವಿನಯವೆಂಬ ಪಥ್ಯದಿಂದ ಮೊದಲು ಮನವು ವಾಸಿಯಾಯಿತು, ತರುವಾಯ ಬಾಯಿ ವಾಸಿಯಾಯಿತು.

ಕಡೆಗಾಲದಲ್ಲಿ ರಾಘವಾಂಕನು ಬೇಲೂರಿನಲ್ಲಿ ಶಿವೈಕ್ಯನಾದನೆಂದು ಪ್ರತೀತಿ. ನೋವು ಬಂದಾಗ ಹೊಡೆದ ಕೈಯನ್ನು ನೋಡದೆ, ತಿದ್ದಿದ ಕರುಣೆಯನ್ನು ನೋಡಿದ ಆ ಶರಣಕವಿಯ ಮಾರ್ಗವು ಭಕ್ತಸಮೂಹಕ್ಕೆ ಆರೋಗ್ಯದಾಯಕವಾಗಲಿ.